ಒಂಬತ್ತು ದಿನ, ಒಂಬತ್ತು ನಿಮಿಷ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗ್ರಂಥಾಲಯ ನೋಡಿಕೊಳ್ಳುವವಳು ಮೆತ್ತಗೆ ಮಾತಾಡಬೇಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಾನು ಅರಕಲಗೂಡಿನವಳು, ನನ್ನ ಗಂಟಲು ಹುಟ್ಟಿನಿಂದಲೇ ದೊಡ್ಡದು. ಹೆಸರು ಆಶಾರಾಣಿ. ಊರಿನವರು ಬೆನ್ನ ಹಿಂದೆ ಗುಡುಗುರಾಣಿ ಅನ್ನುತ್ತಾರೆ, ನನಗೆ ಗೊತ್ತಿಲ್ಲ ಅಂತ ತಿಳಿದುಕೊಂಡಿದ್ದಾರೆ. ಹಳೇಕೋಟೆ ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದು ಹದಿನಾರು ವರ್ಷ. ಪಂಚಾಯ್ತಿ ಗ್ರಂಥಾಲಯದ ಬೀಗದ ಕೈ ನನ್ನ ಸೊಂಟಕ್ಕೆ ಬಂದು ಆರು ವರ್ಷ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಹೆಸರು ಬದಲಾದಾಗ ಎರಡು ಕಂಪ್ಯೂಟರ್ ಬಂದವು, ಫ್ಯಾನು ಮಾತ್ರ ಹಳೆಯದೇ ಉಳಿಯಿತು.

ಇಂಥ ನನ್ನನ್ನು ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿ, ಕೊನೆಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವ ಹಾಗೂ ಮಾಡಿದ ಒಬ್ಬ ಮನುಷ್ಯನ ವಿಷಯ ಇದು. ಅವರು ಹುಚ್ಚಯ್ಯನವರು. ವಯಸ್ಸು ಎಪ್ಪತ್ತಮೂರು. ಮೂವತ್ತೆರಡು ವರ್ಷ ನಾಲೆಯ ಸೌಡಿಯಾಗಿದ್ದವರು.

ಸೌಡಿ ಅಂದರೆ ತೂಬು ಕಾಯುವವನು. ಗೊರೂರಿನ ಅಣೆಕಟ್ಟಿನಿಂದ ಬರುವ ನೀರನ್ನು ಯಾವ ತೂಬಿನಿಂದ ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಮೇಲಿನವರಿಂದ ಚೀಟಿ ಬರುತ್ತಿತ್ತು. ಚೀಟಿಯಲ್ಲಿ ಎರಡರಲ್ಲಿ ಒಂದು ಮಾತು. ಒಂದೋ 'ತೂಬು ಎತ್ತಿ', ಇಲ್ಲಾ 'ತೂಬು ಇಳಿಸಿ'. ಪಕ್ಕದಲ್ಲಿ ಎಷ್ಟು ಇಂಚು ಅಂತ ಅಂಕಿ. ಸೌಡಿ ಅದನ್ನು ಓದಿ, ತಿರುಪು ತಿರುಗಿಸಿ ಹಲಗೆ ಎತ್ತಬೇಕು ಅಥವಾ ಇಳಿಸಬೇಕು. ಆಮೇಲೆ ಚೀಟಿಯ ಹಿಂದೆ 'ಓದಿ ತಿಳಿದುಕೊಂಡಿದ್ದೇನೆ' ಎಂದು ಬರೆದು ರುಜು ಹಾಕಿ ವಾಪಸ್ ಕಳಿಸಬೇಕು.

ಬಾಯಿ ಮಾತಿಗೆ ಹುಚ್ಚಯ್ಯನವರು ಜಗ್ಗಿದ್ದೇ ಇಲ್ಲವಂತೆ. ರೈತರು ಬಂದು ಕೈಮುಗಿದರು, ಬೈದರು, ಒಬ್ಬ ನಾಟಿಕೋಳಿಯನ್ನೇ ತಂದು ಕಾಲಿನ ಹತ್ತಿರ ಬಿಟ್ಟ. ಎಲ್ಲರಿಗೂ ಒಂದೇ ಉತ್ತರ, "ಚೀಟಿ ತಕ್ಕಬಾ." ಅದೇ ಚೀಟಿ ಬಂತೋ, ಮುಗಿಯಿತು. ಅನ್ನದ ಮುಂದೆ ಕೂತಿದ್ದರೂ ಎದ್ದು ಹೊರಟುಬಿಡುತ್ತಿದ್ದರು. ಮಗಳ ನಾಮಕರಣದ ದಿನ ಕಿವಿಯಲ್ಲಿ ಹೆಸರು ಹೇಳಲು ತೊಟ್ಟಿಲಿಗೆ ಬಗ್ಗಿದ ಮನುಷ್ಯ, ಬಾಗಿಲಲ್ಲಿ ಚೀಟಿ ಕಂಡು ಹೆಸರು ಹೇಳದೆ ಹೊರಟುಹೋದರಂತೆ. ಅವರ ಹೆಂಡತಿ ಮಲ್ಲಿಗಮ್ಮ ಇದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. "ಎಸ್ರು ನಾನೇ ಕೂಗ್ಬುಟ್ಟೆ ಕಣವ್ವ. ಈ ವಯ್ಯ ಬರೋತನ್ಕ ಕಾದಿದ್ರೆ ನನ್ ಮಗ್ಳು ಎಸ್ರಿಲ್ದೆ ಸ್ಕೂಲಿಗೋಗ್ಬೇಕಿತ್ತು."

ಇಂಥ ಮನುಷ್ಯನಿಗೆ ನಾನು ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿಕೊಟ್ಟೆ. ತಪ್ಪು ನನ್ನದೇ.

ನಮ್ಮೂರಿಗೆ ಪೇಪರ್ ಬರುವುದು ಹೊಳೆನರಸೀಪುರದ ಬಸ್ಸಿನಲ್ಲಿ, ಅದೂ ಬಸ್ಸಿಗೆ ಮನಸ್ಸು ಬಂದಾಗ. ಹುಚ್ಚಯ್ಯನವರಿಗೆ ಬೆಳಗ್ಗೆ ಹತ್ತು ಗಂಟೆಗೇ ಅಣೆಕಟ್ಟಿನ ನೀರಿನ ಮಟ್ಟ ಗೊತ್ತಾಗಬೇಕು. ನಿವೃತ್ತಿಯಾಗಿ ಹದಿಮೂರು ವರ್ಷವಾದರೂ ಆ ಚಟ ಬಿಟ್ಟಿಲ್ಲ. ಸರಿ ಅಂತ ಮೌಸ್ ಹಿಡಿಯುವುದು ಕಲಿಸಿದೆ, ಸುದ್ದಿಯ ಪುಟ ತೆರೆದುಕೊಟ್ಟೆ. ಅವರು ಗಟ್ಟಿಯಾಗಿ ಓದುತ್ತಾರೆ. ಮನಸ್ಸಿನಲ್ಲಿ ಓದುವುದು ಅವರ ಲೆಕ್ಕದಲ್ಲಿ ಓದಲ್ಲ. "ಹೇಮಾವತಿ ಜಲಾಶಯಕ್ಕೆ ಒಳಹರಿವು ಹೆಚ್ಚಳ" ಅಂತ ಶುರುಮಾಡಿದರು. ಎರಡು ಸಾಲು ಓದಿದರು. ನಿಂತರು.

"ಮೇಡಮ್ಮೋರೆ, ಇದ್ನೂ ಓದ್ಬೇಕಂತೆ."

"ಏನು?"

"ಇಲ್ಲಿ ಬರ್ದವ್ರಲ್ಲ. 'ಇದನ್ನೂ ಓದಿ: ಬೆಳಗ್ಗೆ ಎದ್ದ ಕೂಡಲೇ ಈ ಮೂರು ತಪ್ಪು ಮಾಡಬೇಡಿ'."

ಅಂತರ್ಜಾಲದ ಸುದ್ದಿ ಓದುವವರಿಗೆಲ್ಲ ಗೊತ್ತಿರುವ ಕಾಟ ಅದು. ಸುದ್ದಿ ಕಾಲು ಭಾಗ ಮುಗಿದಿರುವುದಿಲ್ಲ, ನಡುವೆ ಕೆಂಪಕ್ಷರದಲ್ಲಿ 'ಇದನ್ನೂ ಓದಿ' ಅಂತ ಬಂದು ಕೂರುತ್ತದೆ. ನೀವು, ನಾನು ಅದನ್ನು ದಾಟಿಕೊಂಡು ಹೋಗುತ್ತೇವೆ. ಹುಚ್ಚಯ್ಯನವರು ದಾಟಲಿಲ್ಲ. ಬರವಣಿಗೆಯಲ್ಲಿ ಬಂದಿದೆ, 'ಓದಿ' ಅಂತ ಬಂದಿದೆ, ಆದೇಶ! ಒತ್ತಿದರು. ಮೂರು ತಪ್ಪಿನ ಪುಟದಲ್ಲಿ ಮೊದಲ ತಪ್ಪು ಮುಗಿಯುವಷ್ಟರಲ್ಲಿ ಇನ್ನೊಂದು 'ಇದನ್ನೂ ಓದಿ'. ಅದನ್ನೂ ಒತ್ತಿದರು. ಮಧ್ಯಾಹ್ನ ಒಂದು ಗಂಟೆಗೆ ನಾನು ಬೀಗ ಹಾಕಲು ಹೋದಾಗ ಅವರು ಯಾವುದೋ ದೇಶದಲ್ಲಿ ಹೆಬ್ಬಾವಿನ ಪಕ್ಕ ಮಲಗುವ ಮುದುಕಿಯ ಹತ್ತಿರ ಇದ್ದರು. ಅಣೆಕಟ್ಟಿನ ಮಟ್ಟ ಗೊತ್ತಾಗಿರಲಿಲ್ಲ.

ನಮ್ಮಲ್ಲಿ ಬಂದವರು ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಕೊನೆಯಲ್ಲಿ 'ಷರಾ' ಅಂತ ಒಂದು ಅಂಕಣ ಇದೆ. ಏನಾದರೂ ಹೇಳುವುದಿದ್ದರೆ ಅಲ್ಲಿ ಬರೆಯಲಿ ಅಂತ. ಆರು ವರ್ಷದಲ್ಲಿ ಒಬ್ಬರೂ ಅಲ್ಲಿ ಒಂದಕ್ಷರ ಬರೆದಿರಲಿಲ್ಲ. ಹುಚ್ಚಯ್ಯನವರು ಬರೆದರು: 'ಜಲಾಶಯದ ಸುದ್ದಿ ಪೂರ್ತಿ ಓದಿರುವುದಿಲ್ಲ. ಮಧ್ಯೆ ಬೇರೆ ಆದೇಶ ಬಂತು.' ಕೆಳಗೆ ರುಜು, ತಾರೀಖು. ನಾನು ನಕ್ಕು ನಕ್ಕು ಬಾಗಿಲಿಗೆ ಬೀಗ ಹಾಕುವ ಬದಲು ಬೀರುವಿಗೆ ಹಾಕಿ ಮನೆಗೆ ಹೋದೆ.

ಮಾರನೆಯ ದಿನ ಗಲ್ಲದ ಮೇಲೆ ಎರಡು ಗಾಯ ಮಾಡಿಕೊಂಡು ಬಂದರು. ಬೆಳಗ್ಗೆ ಎದ್ದ ಕೂಡಲೇ ಕನ್ನಡಿ ನೋಡುವುದೇ ಆ ಮೊದಲನೇ ತಪ್ಪಂತೆ, ಅದಕ್ಕೇ ಕನ್ನಡಿ ಇಲ್ಲದೆ ಗಡ್ಡ ಕೆರೆದುಕೊಂಡಿದ್ದರು. ಆಮೇಲಿನ ದಿನ ಒಂದು ಪುಟದ ಕೊನೆಯಲ್ಲಿ 'ನಿಮ್ಮ ಸ್ನೇಹಿತರೊಂದಿಗೆ ಹಂಚಿಕೊಳ್ಳಿ' ಅಂತ ಇತ್ತು. ಸೀದಾ ರಾಮಣ್ಣನ ಹೋಟೆಲಿಗೆ ಹೋಗಿ, ಟೀ ಕುಡಿಯುತ್ತಿದ್ದವರನ್ನೆಲ್ಲ ಕೂರಿಸಿ ಹೆಬ್ಬಾವಿನ ಮುದುಕಿಯ ಕಥೆ ಹೇಳಿ ಬಂದರು. ಇನ್ನೊಂದು ಕಡೆ 'ನಮ್ಮ ವಾಟ್ಸಾಪ್ ಗುಂಪಿಗೆ ಸೇರಿ' ಅಂತ ಇತ್ತು. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನನ್ನು ಕೇಳಿದರು, "ಎಲ್ ಸೇರ್ಬೇಕು, ಎಷ್ಟೊತ್ಗೆ?"

"ಹುಚ್ಚಯ್ಯಣ್ಣ, ಅದು ಆದೇಶ ಅಲ್ಲ! ಜನ ಬರ್ಲಿ ಅಂತ ಹಾಕಿರೋ ಆಸೆ!" ಅಂತ ಕಿರುಚಿದೆ.

"ಆದೇಶ ಅಲ್ದಿದ್ರೆ 'ಓದಿದ್ರೆ ಓದಿ, ಬುಟ್ರೆ ಬುಡಿ' ಅಂತ ಬರೀತಿದ್ರು ಕಣವ್ವ" ಅಂದರು. ಇದಕ್ಕೆ ಏನು ಹೇಳುತ್ತೀರಿ?

ಇಷ್ಟೇ ಆಗಿದ್ದರೆ ನಗುತ್ತಾ ಕಾಲ ಕಳೆಯಬಹುದಿತ್ತು. ಅಷ್ಟರಲ್ಲಿ ಸ್ಪಂದನಾಳ ಫೋನು ಬಂತು. ಅವಳು ಹಾಸನದಲ್ಲಿ ಪತ್ರಿಕೋದ್ಯಮ ಓದುವ ಹುಡುಗಿ. ಹಳೇ ಕಸುಬಿನವರ ಬಗ್ಗೆ ಒಂದು ಸುದ್ದಿ ತಾಣಕ್ಕೆ ಬರೆಯುತ್ತಾಳೆ. ತಿಂಗಳ ಹಿಂದೆ ಬಂದು ಹುಚ್ಚಯ್ಯನವರ ಜಗಲಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಕೂತು ಮಾತಾಡಿಸಿಕೊಂಡು ಹೋಗಿದ್ದಳು. ಆ ಹೊತ್ತಿನಲ್ಲಿ ಮಲ್ಲಿಗಮ್ಮ ರಾಗಿ ಮಿಲ್ಲಿಗೆ ಹೋಗಿದ್ದರು. "ಆಂಟಿ, ಬರಹ ಬಂದಿದೆ, ಲಿಂಕ್ ಕಳಿಸಿದೀನಿ. ತಾತನೇ ಓದ್ಲಿ" ಅಂದಳು.

ಮಾರನೆಯ ಬೆಳಗ್ಗೆ ಗಂಡನ ಜೊತೆಗೆ ಮಲ್ಲಿಗಮ್ಮನೂ ಬಂದರು. ಬರುವಾಗಲೇ ಒಂದು ಮೊರ, ಮಡಿಲ ತುಂಬ ಅವರೆಕಾಯಿ. ಕಂಪ್ಯೂಟರ್ ಪಕ್ಕ ಮಣೆ ಹಾಕಿಕೊಂಡು ಕೂತು, "ಓದ್ಲಿ, ನಾನು ಕೇಳ್ಬೇಕು" ಅಂದರು. ಮುಖ ಮದುವೆಗೆ ಬಂದವರ ಹಾಗಿರಲಿಲ್ಲ, ಪಂಚಾಯಿತಿಗೆ ಬಂದವರ ಹಾಗಿತ್ತು. ಯಾಕೆ ಅಂತ ಅವರೇ ಹೇಳಿದರು.

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ, ಭತ್ತ ಹೊಡೆ ಕಟ್ಟುವ, ಒಂದು ದಿನವೂ ನೀರು ತಪ್ಪಬಾರದ ಕಾಲದಲ್ಲಿ ಹುಚ್ಚಯ್ಯನವರಿಗೆ ಟೈಫಾಯಿಡ್ ಬಂತು. ಎದ್ದು ಕೂರುವುದಕ್ಕೂ ತ್ರಾಣವಿಲ್ಲ. ಆಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ. ರಜೆ ಅಂದರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ಹೋಗುವುದಿಲ್ಲ. ಮಲ್ಲಿಗಮ್ಮ ಗಂಡನ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟುಕೊಂಡು, ತಲೆಗೆ ಟವಲ್ ಸುತ್ತಿಕೊಂಡು ತೂಬಿನ ಮೇಲೆ ಹೋಗಿ ನಿಂತರು. ಒಂದು ದಿನವಲ್ಲ, ಒಂಬತ್ತು ದಿನ. ದೂರದಿಂದ ಬೈಕಿನಲ್ಲಿ ನೋಡಿ ಹೋಗುವ ಸಾಹೇಬರಿಗೆ ಖಾಕಿ ಕಂಡರೆ ಸಾಕಾಗಿತ್ತು.

"ಓದಕ್ ಬರಲ್ವಲ್ಲ, ಚೀಟಿ ಹೆಂಗೆ ಗೊತ್ತಾಗ್ತಿತ್ತು ಅಕ್ಕ?" ಅಂದೆ.

"ಬಾಲ ನೋಡ್ತಿದ್ದೆ ಕಣವ್ವ. ಅಕ್ಸರದ ಕೆಳಗೆ ಬಾಲ ಇದ್ರೆ ಎತ್ತು, ಬಾಲ ಇಲ್ದಿದ್ರೆ ಇಳಿಸು. ಅಂಕಿ ಬಸ್ ನಂಬ್ರ ನೋಡಿ ಗೊತ್ತಿತ್ತು. ರುಜು ಮಾತ್ರ ರಾತ್ರಿ ಮನೇಗ್ ತಂದು, ಮಲಗಿದ್ದಲ್ಲೇ ಇವ್ರ ಕೈಲಿ ಹಾಕಿಸ್ತಿದ್ದೆ."

ನಾನು ಕಾಗದದ ಮೇಲೆ ಬರೆದು ನೋಡಿದೆ. 'ಎತ್ತಿ'ಗೆ ಕೆಳಗೆ ತ ಒತ್ತು ಇದೆ. 'ಇಳಿಸಿ'ಗೆ ಏನೂ ಇಲ್ಲ. ಎಲಾ ಎಲಾ! ಆರು ವರ್ಷದಿಂದ ಪುಸ್ತಕದ ನಡುವೆ ಕೂತಿರುವ ನನಗೆ ಇದು ಹೊಳೆದಿರಲಿಲ್ಲ.

ಆ ಒಂಬತ್ತು ದಿನ ನಾಲೆಯ ಕಟ್ಟಕಡೆಯ ಗದ್ದೆಗೂ ನೀರು ಮುಟ್ಟಿತಂತೆ. ತಿಂಗಳಾದ ಮೇಲೆ ಇಲಾಖೆಯಿಂದ ಪ್ರಶಂಸಾಪತ್ರ ಬಂತು. 'ಶ್ರೀ ಹುಚ್ಚಯ್ಯನವರು ಸದರಿ ಒಂಬತ್ತು ದಿನಗಳಲ್ಲಿ ತೋರಿದ ಕರ್ತವ್ಯನಿಷ್ಠೆಗಾಗಿ.' ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಮೂವತ್ತು ವರ್ಷದಿಂದ ಮಲ್ಲಿಗಮ್ಮ ಅದರ ಧೂಳು ಒರೆಸುತ್ತಿದ್ದಾರೆ. ಬಂದ ನೆಂಟರೆಲ್ಲ ಅದನ್ನು ನೋಡಿ "ಭೇಷ್ ಹುಚ್ಚಯ್ಯ" ಅನ್ನುತ್ತಾರೆ, ಹುಚ್ಚಯ್ಯನವರು ನೆಲ ನೋಡುತ್ತಾರೆ.

"ಒಂದಿನ, ಒಬ್ರ ಮುಂದಾದ್ರೂ 'ಅದು ನಮ್ಮೋಳು ಮಾಡಿದ್ದು' ಅಂತ ಅಂದಿದ್ರೆ ಸಾಕಿತ್ತು" ಅಂದರು ಮಲ್ಲಿಗಮ್ಮ.

"ಬರವಣಿಗೇಲಿ ನನ್ನೆಸ್ರು ಬಂದೈತೆ. ಬಂದಿದ್ನ ಸುಳ್ಳು ಅಂತ ನಾನೆಂಗನ್ಲಿ?" ಅಂದರು ಹುಚ್ಚಯ್ಯನವರು. "ಅದ್ಕೇ ಆ ಮಗೀಗೆ ಎಲ್ಲಾ ಯೋಳಿದೀನಿ. ಬರವಣಿಗೇಲೇ ಬರ್ಲಿ ಅಂತ."

"ಯೋಳಿದೀರೋ ಇಲ್ವೋ, ನಿಮ್ ಬಾಯಲ್ಲೇ ಓದಿದ್ ದಿನ ನಂಬ್ತೀನಿ."

ನಾನು ಓದಿಬಿಡಲಾ ಅಂತ ಕೇಳಿದ್ದಕ್ಕೆ ಮಲ್ಲಿಗಮ್ಮ ನನ್ನ ಮೇಲೇ ತಿರುಗಿಬಿದ್ದರು. ನಾನು ಓದಿದರೆ ನಾನು ಹೇಳಿದ ಹಾಗಂತೆ. ನಾನು ಮುಂಚೆ ಕದ್ದು ನೋಡಲೂಬಾರದಂತೆ. ಆಣೆ ಹಾಕಿಸಿಕೊಂಡರು. ನನ್ನಂಥವಳು ಆರು ದಿನ ಆ ಲಿಂಕನ್ನು ಫೋನಿನಲ್ಲಿ ಇಟ್ಟುಕೊಂಡು ಒತ್ತದೆ ಇದ್ದೆ ಅಂದರೆ ನೀವು ನಂಬಬೇಕು.

ಬರಹ ಎಷ್ಟು ಉದ್ದ ಇದೆ ಅಂತ ತೋರಿಸಲು ನಾನು ಕಣ್ಣು ಕಿರಿದು ಮಾಡಿಕೊಂಡು ಪುಟವನ್ನು ಕೆಳಗಿನ ತನಕ ಉರುಳಿಸಿದೆ. ನಡುವೆ ಎಲ್ಲೋ ಮಲ್ಲಿಗಮ್ಮ ಬೆರಳೆತ್ತಿ, "ಅವ್ವ, ಅಲ್ಲಿ ಕೆಂಪಗೆ ಏನೋ" ಅಂದರು. "ಅದೆಲ್ಲ ಜಾಹೀರಾತು ಅಕ್ಕ, ಸುಮ್ನಿರಿ" ಅಂತ ಬಾಯಿ ಮುಚ್ಚಿಸಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ನನಗೆ ನಾಚಿಕೆಯಾಗಲಿದೆ.

ಹುಚ್ಚಯ್ಯನವರು ಶುರುಮಾಡಿದರು. ಎರಡು ಪ್ಯಾರಾ. 'ಇದನ್ನೂ ಓದಿ: ಹಲಸಿನ ಬೀಜ ಬಿಸಾಡುವ ಮುನ್ನ.' ಹೋದರು! ಎರಡನೇ ದಿನ ಮತ್ತೆ ಮೊದಲಿಂದ. ಅರ್ಧ ಓದಿ ನಿಲ್ಲಿಸಿದ್ದನ್ನು ಅಲ್ಲಿಂದಲೇ ಹಿಡಿಯುವ ಪೈಕಿ ಅಲ್ಲ ಅವರು. ಈ ಸಲ ಬೋಳು ತಲೆಯಲ್ಲಿ ಕೂದಲು ಬೆಳೆಸುವ ಕಡೆ ಹೋದರು. ಮೂರನೇ ದಿನ ನಟಿಯೊಬ್ಬಳ ನಾಯಿಯ ಹುಟ್ಟುಹಬ್ಬ. ನಾಲ್ಕನೇ ದಿನ ಹೇಗೆ ಸುತ್ತಿ ಬಂದರೋ, ಮತ್ತೆ ಅದೇ ಹೆಬ್ಬಾವಿನ ಮುದುಕಿ. "ಆ ಎಬ್ಬಾವ್ನ ಬುಟ್ಟು ನನ್ನತ್ರ ಬನ್ನಿ!" ಅಂತ ಮಲ್ಲಿಗಮ್ಮ ಅವರೆಕಾಯಿ ಸಿಪ್ಪೆ ಎಸೆದರು. ಷರಾ ಅಂಕಣ ತುಂಬುತ್ತಾ ಹೋಯಿತು. 'ಬೇರೆ ಆದೇಶ ಬಂತು.' 'ಬೇರೆ ಆದೇಶ ಬಂತು.' 'ಮೂರು ಆದೇಶ ಒಟ್ಟಿಗೆ ಬಂದವು.'

ಆರನೇ ದಿನ ಮಲ್ಲಿಗಮ್ಮ ಮೊರ ತಂದಿರಲಿಲ್ಲ. ಬರಿಗೈಯಲ್ಲಿ ಬಂದು ನಿಂತುಕೊಂಡೇ ಹೇಳಿದರು.

"ನೋಡಿ, ಇವತ್ತೇ ಕೊನೆ. ಮದ್ವೆಯಾದಾಗಿಂದ ನಾನು ಕರ್ದಾಗೆಲ್ಲ ನಿಮ್ಗೆ ಒಂದು ಚೀಟಿ ಬಂತು. ಇವತ್ತೂ ಬಂದ್ರೆ ಮನೇಗೋಗಿ ಗೋಡೆ ಮೇಲಿರೋ ಕಟ್ಟು ಇಳ್ಸಿ ಒಲೆಗಾಕ್ತೀನಿ. ಯೋಳಿದೀನಿ ಅಂದ್ರಲ್ಲ, ಅದೂ ಸುಳ್ಳು ಅಂತ ತಿಳ್ಕತೀನಿ."

ಹುಚ್ಚಯ್ಯನವರು ಟವಲಿನಲ್ಲಿ ಮುಖ ಒರೆಸಿಕೊಂಡರು. ಓದಲು ಶುರುಮಾಡಿದರು. ಎರಡು ಪ್ಯಾರಾ ಆಯಿತು. ಕೆಂಪಕ್ಷರ ಬಂತು. ಕೈ ಮೌಸ್ ಕಡೆ ಹೋಯಿತು. ನನಗೆ ಎಲ್ಲಿತ್ತೋ ಸಿಟ್ಟು! ಮೇಜು ಒರೆಸುತ್ತಿದ್ದ ಬಟ್ಟೆಯನ್ನು ಕೀಬೋರ್ಡ್ ಮೇಲೆ ಛಟೀರ್ ಅಂತ ಬೀಸಿದೆ.

ಪರದೆ ಒಂದು ಸಲ ಮಿಟುಕಿ ಎಲ್ಲ ಮಾಯವಾಯಿತು. ಪಕ್ಕದಲ್ಲಿ ಕುಣಿಯುತ್ತಿದ್ದ ಜಾಹೀರಾತಿನ ಸೋಪು ಇಲ್ಲ, ನಟಿಯ ನಾಯಿ ಇಲ್ಲ, ಹಲಸಿನ ಬೀಜ ಇಲ್ಲ, ಕೆಂಪಕ್ಷರ ಇಲ್ಲ. ಕೆನೆ ಬಣ್ಣದ ಒಂದು ಹಾಳೆ, ಮೇಲೆ ತಲೆಬರಹ, ಕೆಳಗೆ ಕಪ್ಪಗೆ ಸಾಲು ಸಾಲು ಅಕ್ಷರ.

"ಅಯ್ಯೋ ನನ್ ಕರ್ಮವೇ, ಸರ್ಕಾರಿ ಕಂಪ್ಯೂಟರ್ ಕೆಡಿಸ್ಬಿಟ್ನಲ್ಲಪ್ಪಾ!" ಅಂತ ಎದೆ ಬಡಿದುಕೊಂಡೆ.

ಹುಚ್ಚಯ್ಯನವರು ಮಾತ್ರ ಕುರ್ಚಿಯಿಂದ ಮುಂದಕ್ಕೆ ಬಗ್ಗಿದರು. "ಕೆಟ್ಟಿಲ್ಲ ಕಣವ್ವ. ಅಡ್ಡ ತೂಬ್ನೆಲ್ಲ ಯಾರೋ ಇಳಿಸ್ಬುಟ್ಟವ್ರೆ. ನೀರು ನೆಟ್ಟಗೆ ಓಯ್ತಾ ಐತೆ!"

ಯಾವ ಗುಂಡಿ ಒತ್ತಿತು ಅಂತ ಒಂದೊಂದೇ ಒತ್ತಿ ನೋಡಿದೆ. ಮೇಲಿನ ಸಾಲಿನ ಎಫ್ ಒಂಬತ್ತು. ಒತ್ತಿದರೆ ಸೋಪು, ನಾಯಿ, ಕೆಂಪಕ್ಷರ ಎಲ್ಲ ವಾಪಸ್. ಮತ್ತೆ ಒತ್ತಿದರೆ ಎಲ್ಲ ಮಾಯ. ಬ್ರೌಸರಿನಲ್ಲಿ ಬರೀ ಓದುವವರಿಗಾಗಿ ಅಂಥದ್ದೊಂದು ನೋಟ ಇದೆ ಅಂತ ಆಮೇಲೆ ತಿಳಿಯಿತು. ಆಗ ನಮಗೆ ಅದೆಲ್ಲ ಎಲ್ಲಿ ಗೊತ್ತು? ಸೋಪು ಬಂತು, ಸೋಪು ಹೋಯ್ತು! ನಾಯಿ ಬಂತು, ನಾಯಿ ಹೋಯ್ತು! ಹತ್ತು ಸಲ ಒತ್ತಿದೆವು. ಮಲ್ಲಿಗಮ್ಮನೂ ಒಂದು ಸಲ ಒತ್ತಿ, ನಾಯಿ ಹೋದಾಗ "ಹಾಳಾಗೋಗು" ಅಂದರು. ನಗು ತಡೆಯಲಾರದೆ ನಾನು ಬೀರುವಿಗೆ ಒರಗಿದೆ.

ಪರದೆಯ ಪಕ್ಕದಲ್ಲಿದ್ದ ಗುಂಡಿಯಿಂದ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಹುಚ್ಚಯ್ಯನವರು ಗಂಟಲು ಸರಿಮಾಡಿಕೊಂಡರು. ತಲೆಬರಹದ ಕೆಳಗೆ ಬೆರಳಿಟ್ಟರು. ಮುಖ ಗಂಭೀರವಾಯಿತು.

"ಟೈಮೂ ಕೊಟ್ಟವ್ರೆ."

ನೋಡಿದೆ. '7–9 ನಿಮಿಷ' ಅಂತ ಇತ್ತು. ಓದಲು ಎಷ್ಟು ಹೊತ್ತು ಹಿಡಿಯಬಹುದು ಅಂತ ಆ ಪುಟ ತಾನೇ ಹಾಕುವ ಅಂದಾಜು ಅದು. ನಾನು ಬಾಯಿ ತೆರೆಯುವುದರೊಳಗೆ ಅವರು, "ಒಂಬತ್ತು ನಿಮಿಷದೊಳ್ಗೆ ಮುಗಿಸ್ಬೇಕು. ಗಡಿಯಾರ ನೋಡ್ಕಳ್ಳಿ ಮೇಡಮ್ಮೋರೆ!" ಅಂದವರೇ ಓಡಿಸಿದರು. ಏನು ಓಟ ಅಂತೀರಿ! ಅಲ್ಪವಿರಾಮಕ್ಕೆ ನಿಲ್ಲಲಿಲ್ಲ, ಪೂರ್ಣವಿರಾಮಕ್ಕೆ ನಿಲ್ಲಲಿಲ್ಲ. ಪ್ಯಾರಾ ಬದಲಾದಾಗ ಮಾತ್ರ ನೀರಿನಿಂದ ತಲೆ ಎತ್ತಿದವರ ಹಾಗೆ ಒಂದು ಉಸಿರು. "ನಾಲೆಯ ಏರಿಯ ಮೇಲೆ ಮೂವತ್ತೆರಡು ವರ್ಷ ನಡೆದ ಈ ಕಾಲುಗಳಿಗೆ ಚಪ್ಪಲಿ ಒಗ್ಗುವುದಿಲ್ಲ ಎನ್ನುವ ಹುಚ್ಚಯ್ಯ ಚೀಟಿ ಇಲ್ಲದೆ ಒಂದು ಹನಿ ನೀರನ್ನೂ ಬಿಟ್ಟವರಲ್ಲ" ಅಂತ ಒಂದೇ ಏಟಿಗೆ ಓದಿದರು. ನಾನು "ಐದು ನಿಮಿಷ! ಆರು!" ಅಂತ ಕೂಗುತ್ತಿದ್ದೆ. ಮಲ್ಲಿಗಮ್ಮ ಸೆರಗು ಕಚ್ಚಿಕೊಂಡು ನಗುತ್ತಿದ್ದರು. ನಗುತ್ತಲೇ ಅವರ ಕಿವಿ ಮಾತ್ರ ಕಾಯುತ್ತಿತ್ತು, ನನಗೆ ಕಾಣುತ್ತಿತ್ತು.

"ಅವರ ಮನೆಯ ಗೋಡೆಯ ಮೇಲೆ ಒಂದು ಪ್ರಶಂಸಾಪತ್ರವಿದೆ ಒಂಬತ್ತು ದಿನದ ಕೆಲಸಕ್ಕೆ ಬಂದದ್ದು ಆ ಒಂಬತ್ತು ದಿನಗಳದ್ದು ಬೇರೆಯೇ ಕಥೆ." ಉಸಿರು. "ಇಂದು ಆ ತೂಬಿನ ತಿರುಪಿಗೆ ತುಕ್ಕು ಹಿಡಿದಿದೆ." ಅಲ್ಲಿಂದ ತುಕ್ಕು, ಹೂಳು, ಈಗಿನ ಕಾಲ. ಮುಗಿಯಿತು. ಎಂಟು ನಿಮಿಷ ನಲವತ್ತು ಸೆಕೆಂಡ್.

"ಟೈಮೊಳ್ಗೇ!" ಅಂತ ಕೈ ಎತ್ತಿದರು ಹುಚ್ಚಯ್ಯನವರು. ಎತ್ತಿದ ಕೈ ನಿಧಾನವಾಗಿ ಕೆಳಗೆ ಬಂತು.

"ಅಷ್ಟೇನಾ?" ಅಂದರು ಮಲ್ಲಿಗಮ್ಮ.

ಫ್ಯಾನು ಕಿರ್ ಅನ್ನುತ್ತಿತ್ತು.

"ಬೇರೆ ಕಥೆಯಂತೆ" ಅಂದರು ಮತ್ತೆ ಅವರೇ.

"ಯೋಳಿದ್ದೆ ಕಣಮ್ಮಿ. ನಿನ್ನಾಣೆಗೂ ಎಲ್ಲಾ ಯೋಳಿದ್ದೆ. ಅಂಗಿ ತೊಟ್ಕಂಡಿದ್ದೂ ಯೋಳಿದ್ದೆ."

"ಬಾಯಲ್ಲಿ ಯೋಳಿದ್ರೆ ಏನ್ ಬಂತು? ಬರವಣಿಗೇಲಿ ಇಲ್ವಲ್ಲ."

ಮೂವತ್ತು ವರ್ಷ ತಾವು ಆಡಿದ ಮಾತು ತಮಗೇ ವಾಪಸ್ ಬಂದಾಗ ಹುಚ್ಚಯ್ಯನವರ ಮುಖ ನೋಡಲಾಗಲಿಲ್ಲ. ನನಗೆ ಸಂಕಟವಾಯಿತು, ಸಂಕಟವಾದರೆ ನನಗೆ ಸಿಟ್ಟೇ ಬರುವುದು. ಫೋನ್ ತೆಗೆದು ಸ್ಪಂದನಾಳಿಗೆ ಸರಿಯಾಗಿ ಮಂಗಳಾರತಿ ಎತ್ತಬೇಕು ಅಂತ ನಂಬರ್ ಹುಡುಕುತ್ತಿದ್ದೆ. ಬಾಗಿಲ ತನಕ ಹೋಗಿದ್ದ ಮಲ್ಲಿಗಮ್ಮ ಹೊಸ್ತಿಲಲ್ಲಿ ನಿಂತರು.

"ಅವ್ವ, ಮೊದಲ್ನೇ ದಿನ ಕೆಂಪಗೆ ಒಂದು ಕಂಡಿತ್ತಲ್ಲ. ಒಂದೇ ಮಾತಿಗೆ ಎರಡು ಬಾಲ ಇತ್ತು. ಅದೆಲ್ಲೋಯ್ತು?"

"ಎರಡು ಬಾಲನಾ?"

"ರೇಷನ್ ಕಾರ್ಡಲ್ಲಿ ನನ್ನೆಸ್ರಿಗೂ ಎರಡು ಬಾಲ ಐತೆ. ಅವತ್ತು ಯೋಳಕ್ ಬಂದೆ. ನೀನು ಸುಮ್ನಿರು ಅಂದೆ."

ಮಲ್ಲಿಗಮ್ಮ. ಲ ಒತ್ತು ಒಂದು, ಮ ಒತ್ತು ಒಂದು. ಓಡಿಹೋಗಿ ಎಫ್ ಒಂಬತ್ತು ಒತ್ತಿದೆ. ಸೋಪು ಬಂತು, ನಾಯಿ ಬಂತು. ಪುಟ ಉರುಳಿಸಿದೆ. 'ಬೇರೆಯೇ ಕಥೆ' ಅನ್ನುವ ಸಾಲಿನ ಕೆಳಗೇ, ಅಷ್ಟು ದೊಡ್ಡದಾಗಿ, ಕೆಂಪಗೆ:

'ಇದನ್ನೂ ಓದಿ: ಒಂಬತ್ತು ದಿನ ತೂಬು ಕಾದ ಮಲ್ಲಿಗಮ್ಮ.'

ಹುಡುಗಿ ಅವರಿಗೆ ಒಂದು ಸಾಲು ಕೊಟ್ಟಿರಲಿಲ್ಲ, ಬೇರೆ ಬರಹವನ್ನೇ ಕೊಟ್ಟಿದ್ದಳು! ಅಡ್ಡ ತೂಬನ್ನೆಲ್ಲ ಇಳಿಸುವಾಗ ನಾವು ಅದನ್ನೂ ಇಳಿಸಿಬಿಟ್ಟಿದ್ದೆವು. ಲೋಕದ ಆದೇಶವನ್ನೆಲ್ಲ ಪಾಲಿಸಿ, ಹೆಬ್ಬಾವಿನ ಮನೆಗೆ ಎರಡೆರಡು ಸಲ ಹೋಗಿ ಬಂದ ಮನುಷ್ಯ ಪಾಲಿಸದೆ ಉಳಿದದ್ದು ಇದೊಂದೇ. ನಾನು ಅದನ್ನು ಗಟ್ಟಿಯಾಗಿ ಓದಿದೆ. ನನ್ನ ಗಂಟಲಿಗೆ ರಾಮಣ್ಣನ ಹೋಟೆಲಿನವರು ಎದ್ದು ನಿಂತರಂತೆ.

"ಆದೇಶ ಬಂದೈತೆ" ಅಂದರು ಹುಚ್ಚಯ್ಯನವರು. ಮೌಸ್ ಆಗಲೇ ಅವರ ಕೈಯಲ್ಲಿತ್ತು.

ಹೊಸ ಪುಟ ತೆರೆಯಿತು. ಅಲ್ಲೂ ಅದೇ ಸೋಪು, ಅದೇ ನಾಯಿ. ಮಲ್ಲಿಗಮ್ಮನೇ ಬಂದು ಎಫ್ ಒಂಬತ್ತು ಒತ್ತಿದರು. ಎಲ್ಲ ಹೋಗಿ ಅವರೊಬ್ಬರೇ ಉಳಿದರು. ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅವರ ಹೆಸರು, ಎರಡು ಬಾಲ ಸಮೇತ. ಅದರ ಕೆಳಗೆ '4–5 ನಿಮಿಷ' ಅಂತ ಇತ್ತು. ನಾನು ಅಭ್ಯಾಸಬಲದಿಂದ ಗಡಿಯಾರದ ಕಡೆ ತಿರುಗಿದೆ.

"ಟೈಮ್ ಬುಟ್ಟಾಕಿ ಮೇಡಮ್ಮೋರೆ" ಅಂದರು ಹುಚ್ಚಯ್ಯನವರು.

ಮಲ್ಲಿಗಮ್ಮ ಗಂಡನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಬರೆದು ಬಂದದ್ದನ್ನು ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಮೀರಿದ್ದು ಅದು. ಇಪ್ಪತ್ತೆರಡು ನಿಮಿಷ ಓದಿದರು. ಒಂದೊಂದು ಸಾಲಿಗೂ ನಿಂತು, ಹೆಂಡತಿಯ ಮುಖ ನೋಡಿ, ಮುಂದೆ ಹೋದರು. ಖಾಕಿ ಅಂಗಿ ಬಂತು, ಟವಲ್ ಬಂತು, ಬಾಲದ ಲೆಕ್ಕ ಬಂತು. ಮೂರನೇ ದಿನ ತಿರುಪು ಕಚ್ಚಿಕೊಂಡಾಗ ಕೊಬ್ಬರಿ ಎಣ್ಣೆ ಬಿಟ್ಟರು ಅಂತ ಬಂದಾಗ ಮಲ್ಲಿಗಮ್ಮ, "ಅರಳೆಣ್ಣೆ! ಕೊಬ್ಬರಿ ಎಣ್ಣೆ ಯಾವಳ್ ಮನೇಲಿತ್ತು?" ಅಂತ ರೇಗಿದರು. ರೇಗುತ್ತಾ ನಗುತ್ತಿದ್ದರು. ಕೊನೆಯ ಪ್ಯಾರಾ ಬಂತು.

"'ಗೋಡೆಯ ಮೇಲಿನ ಕಾಗದ ಸುಳ್ಳು ಹೇಳುತ್ತದೆ. ನನ್ನ ಕೆಲಸ ಉಳಿಸಿದವಳು ನನ್ನ ಹೆಂಡತಿ. ಇದನ್ನು ಹೇಳಲು ನನಗೆ ಮೂವತ್ತು ವರ್ಷ ಬೇಕಾಯಿತು' ಎನ್ನುತ್ತಾರೆ ಹುಚ್ಚಯ್ಯ." ಓದಿ, ಎದೆ ಮುಟ್ಟಿಕೊಂಡು ಅಂದರು, "ಉಚ್ಚಯ್ಯ ಅಂದ್ರೆ ನಾನೇ ಕಣಮ್ಮಿ."

"ಗೊತ್ತು ಬುಡಿ" ಅಂದರು ಮಲ್ಲಿಗಮ್ಮ. ಮೂಗು ಸೀಟಿದರು. ನಾನು ಕಿಟಕಿಯ ಕಡೆ ತಿರುಗಿ ಸೆರಗು ಕಣ್ಣಿಗೆ ಒತ್ತಿಕೊಂಡೆ, ಧೂಳು ಬಿತ್ತು ಅಂತ ಹೇಳಿದೆ.

"ಇಲಾಖೆಯೋರು ಕೇಳಿದ್ರೆ ಏನ್ ಹೇಳ್ತೀರಿ ಹುಚ್ಚಯ್ಯಣ್ಣ?" ಅಂದೆ.

"ಬರವಣಿಗೇಲಿ ಕೇಳ್ಲಿ" ಅಂದರು.

ಆ ದಿನದ ಷರಾ ಈಗಲೂ ನನ್ನ ರಿಜಿಸ್ಟರಿನಲ್ಲಿದೆ: 'ಎರಡೂ ಪೂರ್ತಿ ಓದಿ ತಿಳಿದುಕೊಂಡಿದ್ದೇನೆ. ತಿಳಿದುಕೊಳ್ಳಲು ತಡವಾಗಿದೆ. ಹುಚ್ಚಯ್ಯ, ನಿವೃತ್ತ ಸೌಡಿ.' ಪಕ್ಕದಲ್ಲಿ ಮಲ್ಲಿಗಮ್ಮನ ಹೆಬ್ಬೆಟ್ಟಿದೆ.

ಆ ಕೆನೆ ಹಾಳೆಯನ್ನು ಹಾಗೆಯೇ ಪ್ರಿಂಟ್ ತೆಗೆದುಕೊಟ್ಟೆ. ಸೋಪಿಲ್ಲ, ನಾಯಿಯಿಲ್ಲ, ಮಲ್ಲಿಗಮ್ಮ ಮಾತ್ರ. ಹದಿನೈದು ದಿನ ಕಳೆದ ಮೇಲೆ ಅವರೇ ನನ್ನನ್ನು ಮನೆಗೆ ಕರೆದರು. ಹೋದರೆ ಅದಕ್ಕೂ ಕಟ್ಟು ಹಾಕಿಸಿ, ಹಳೇ ಪ್ರಶಂಸಾಪತ್ರದ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ್ದರು. ಹಳೆಯದನ್ನು ಒಲೆಗೆ ಹಾಕಿರಲಿಲ್ಲ. ನನ್ನ ಕೈಗೆ ಒಂದು ಕೆಂಪು ಪೆನ್ನು, ಒಂದು ರಟ್ಟು ಕೊಟ್ಟರು.

"ಇದ್ರ ಮೇಲೆ ದಪ್ಪಗೆ ಬರ್ಕೊಡವ್ವ. ಹಳೇದ್ರ ಕೆಳಗೆ ಅಂಟಿಸ್ತೀನಿ. ಬಂದೋರು ಅದ್ನ ಓದಿ ಭೇಷ್ ಅಂದು ಎದ್ದೋಗ್ಬಾರ್ದು."

"ಏನು ಬರೀಲಿ ಅಕ್ಕ?"

"ಅದೇ ಕಣವ್ವ, ಒಂದು ಬಾಲದ್ದು. ಇವ್ರನ್ನ ಊರೆಲ್ಲ ಸುತ್ತಿಸ್ತಲ್ಲ, ಅದು."

ಬರೆದುಕೊಟ್ಟೆ. ಪಕ್ಕದ ಕಟ್ಟಿನ ಕಡೆಗೆ ಒಂದು ಬಾಣದ ಗುರುತನ್ನೂ ಹಾಕಿದೆ. ಈಗ ಅವರ ಮನೆಗೆ ಯಾರೇ ಹೋಗಲಿ, ಗೋಡೆಯ ಮೇಲೆ ಪ್ರಶಂಸಾಪತ್ರ, ಅದರ ಕೆಳಗೆ ಕೆಂಪಗೆ 'ಇದನ್ನೂ ಓದಿ', ಪಕ್ಕದಲ್ಲಿ ಮಲ್ಲಿಗಮ್ಮ. ಹುಚ್ಚಯ್ಯನವರು ದಿನಾ ಬೆಳಗ್ಗೆ ಕನ್ನಡಿ ನೋಡಿಕೊಂಡು ಗಡ್ಡ ಕೆರೆದು, ಟವಲ್ ಹೆಗಲಿಗೆ ಹಾಕಿಕೊಂಡು ಅದರ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾರೆ. ಆದೇಶ ಅಲ್ಲವೇ, ಮೀರುವ ಹಾಗಿಲ್ಲ.